ಪುದೀನ ಕುಟುಂಬದ ವರ್ಗೀಕರಣ: ಕಿರುಕಾಯಿಯ ಮೇಲ್ಮೈಯೋ, ಪರಾಗರೇಣುವೋ?

ಪುದೀನ ಕುಟುಂಬದ (ಲೇಮಿಯೇಸಿ) ವರ್ಗೀಕರಣಕ್ಕೆ ಸೂಕ್ಷ್ಮರಚನೆಯ ಆಧಾರವನ್ನು ಆರಿಸಿಕೊಳ್ಳುವವರು ಮೊದಲು ತಮ್ಮ ಪ್ರಶ್ನೆ ಯಾವ ಮಟ್ಟದ್ದೆಂದು ನಿರ್ಧರಿಸಬೇಕು. ಉಪಕುಟುಂಬಗಳ ಮಟ್ಟದಲ್ಲಿ ಪರಾಗರೇಣುವೇ ಮೇಲು: ಸ್ವೀಡನ್ನಿನ ಪರಾಗರೇಣು ತಜ್ಞ ಎರ್ಟ್‌ಮನ್ 1945ರಲ್ಲಿ ಮೂರು ಸೀಳುಗಳ (ಗೋಡೆಯ ಮೇಲಿನ ಉದ್ದನೆಯ ತಗ್ಗುಗಳ) ರೇಣುವುಳ್ಳ ಲೇಮಿಯಾಯ್ಡಿಯೇ ಮತ್ತು ಆರು ಸೀಳುಗಳ ರೇಣುವುಳ್ಳ ನೆಪೆಟಾಯ್ಡಿಯೇ ಎಂದು ಮಾಡಿದ ವಿಂಗಡಣೆಯಲ್ಲಿ ಎರಡನೆಯ ಗುಂಪು ಇಂದಿಗೂ ಗಟ್ಟಿಯಾಗಿ ನಿಂತಿದೆ.

ಕುಲ ಮತ್ತು ಪ್ರಭೇದಗಳ ಮಟ್ಟಕ್ಕೆ ಇಳಿದಾಗ ಈ ಸೀಳುಗಳ ಸಂಖ್ಯೆಯಿಂದ ಹೆಚ್ಚಿನ ನೆರವು ದೊರೆಯುವುದಿಲ್ಲ. ಅಲ್ಲಿ, ಸಾಮಾನ್ಯವಾಗಿ ಹೂವೊಂದಕ್ಕೆ ನಾಲ್ಕರಂತೆ ರೂಪುಗೊಳ್ಳುವ ಕಿರುಕಾಯಿಗಳ (ಒಂದೇ ಬೀಜವುಳ್ಳ ಪುಟ್ಟ ಗಟ್ಟಿ ಕಾಯಿಗಳ) ಮೇಲ್ಮೈಯು, ಜಾಲದಂತಹ ಅಥವಾ ಗುಬುಟುಗಳುಳ್ಳ ಕೆತ್ತನೆ, ರೋಮ ಹಾಗೂ ಗ್ರಂಥಿಗಳ ಇರುವಿಕೆ, ತಳದಲ್ಲಿ ಅಂಟಿಕೊಂಡಿದ್ದ ಗುರುತಿನ ಆಕಾರ, ಹೊರಕೋಶಗಳ ಗೋಡೆಯ ವಿನ್ಯಾಸ ಮುಂತಾದ ಅನೇಕ ಲಕ್ಷಣಗಳನ್ನು ಒದಗಿಸುತ್ತದೆ. ಗುರುತು ಮತ್ತು ಬಣ್ಣಗಳಿಗೆ ಸ್ಟೀರಿಯೊ ಸೂಕ್ಷ್ಮದರ್ಶಕ ಸಾಕು. ಕೋಶವಿನ್ಯಾಸಕ್ಕೆ ಸ್ಕ್ಯಾನಿಂಗ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವೇ ಬೇಕು. ಕಾಮಕಸ್ತೂರಿಯಂತೆ ಒದ್ದೆಯಾದೊಡನೆ ಲೋಳೆ ಬಿಡುವ ಗುಣವನ್ನು ಪರೀಕ್ಷಿಸಲು ಒಂದು ಹನಿ ನೀರು ಸಾಲುತ್ತದೆ; ಇಷ್ಟು ಅಗ್ಗದ ಲಕ್ಷಣವನ್ನು ದಾಖಲಿಸದೆ ಬಿಡುವುದು ಸರಿಯಲ್ಲ.

ಬಲಿಯದ ಕಾಯಿಯ ಕೆತ್ತನೆ ದಾರಿ ತಪ್ಪಿಸಬಲ್ಲದಾದ್ದರಿಂದ ಪಕ್ವವಾದವುಗಳನ್ನೇ ಹೋಲಿಸಬೇಕು. ದೂರದ ವಂಶಗಳಲ್ಲಿಯೂ ಒಂದೇ ಬಗೆಯ ಮೇಲ್ಮೈ ಸ್ವತಂತ್ರವಾಗಿ ವಿಕಾಸಗೊಳ್ಳಬಹುದಾದ ಕಾರಣ, ಪ್ರಭೇದಗಳನ್ನು ಬೇರ್ಪಡಿಸಲು ನಾನು ಕಿರುಕಾಯಿಯನ್ನೇ ಆರಿಸಿದರೂ, ವಂಶಸಂಬಂಧದ ತೀರ್ಮಾನವನ್ನು ಡಿಎನ್‌ಎ ಆಧಾರವಿಲ್ಲದೆ ಅದರ ಮೇಲೆ ಹೊರಿಸಲಾರೆ.