ಸೈಜ್ ಒಂದೇ ಅಂತ ಟೈರ್ ಹಾಕಿಸಬೇಡಿ: ಹಳೇ ಓಮ್ನಿ ಇದ್ದವರು ಓದಿ

ಹಳೇ ಓಮ್ನಿಯಲ್ಲಿ ಸಾಮಾನು ಸಾಗಿಸುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನಮ್ಮ ಚಿಗವ್ವನ ಕಾಲಿನ ಎರಡು ಬೆರಳು ಮುರಿದಿವೆ. ಟೈರಿನ ಮೇಲಿದ್ದ ಒಂದು ನಂಬರನ್ನು ನಮ್ಮಲ್ಲಿ ಯಾರೂ ನೋಡಿರಲಿಲ್ಲ, ಅದೇ ಕಾರಣ.

ನಮ್ಮದು ಧಾರವಾಡದಲ್ಲಿ ಮದುವೆ ಅಡುಗೆ ಕೆಲಸ. ಗಾಡಿ 2010ರ ಮಾರುತಿ ಓಮ್ನಿ. ಮಾರ್ಚ್‌ನಲ್ಲಿ ಹಿಂದಿನ ಎರಡೂ ಟೈರ್ ಸವೆದಿದ್ದವು. ಅಂಗಡಿಯಲ್ಲಿ ಅದೇ ತರಹದ್ದು ಇರಲಿಲ್ಲ. "ಕಾಕಾ, ಆಲ್ಟೋದ್ದು ಐತ್ರಿ. ಸೈಜ್ ಒಂದ, ರಿಮ್ಮಿಗೆ ಕರೆಕ್ಟ್ ಕೂಡ್ತೈತಿ. ಮ್ಯಾಲ ನಾನೂರು ರೂಪಾಯಿ ಉಳಿತೈತಿ" ಅಂದ ಹುಡುಗ. ಕಾಕಾ ಹೂಂ ಅಂದರು. ರಿಮ್ಮಿಗೆ ಕೂತಿತು ಕೂಡ. ಎರಡು ತಿಂಗಳು ಏನೂ ಆಗಲಿಲ್ಲ.

ಮೇ ತಿಂಗಳಲ್ಲಿ ಗದಗಿನಲ್ಲಿ ಒಂದು ಮದುವೆ. ಮಧ್ಯಾಹ್ನದ ಬಿಸಿಲಲ್ಲಿ ಧಾರವಾಡ ಬಿಟ್ಟೆವು. ಒಲೆ, ಕೊಪ್ಪರಿಗೆ, ಅಕ್ಕಿ ಚೀಲ, ಬೆಲ್ಲ, ಎಣ್ಣೆ ಡಬ್ಬಿ, ಜೊತೆಗೆ ನಾಲ್ಕು ಜನ. ಹುಬ್ಬಳ್ಳಿಯ ಬಂಕಿನಲ್ಲಿ ಹವಾ ಚೆಕ್ ಮಾಡಿಸಿದೆವು. 36 ತೋರಿಸಿತು. "ಜಾಸ್ತಿ ಆಗೇತಿ" ಅಂತ ಬಂಕಿನವನು 30ಕ್ಕೆ ಇಳಿಸಿದ. ನಾವೇ ನಿಂತು ನೋಡಿದೆವು, ಬೇಡ ಅನ್ನಲಿಲ್ಲ. ಓಡಿ ಬಂದ ಟೈರ್ ಬಿಸಿಯಾಗಿರುತ್ತದೆ, ಒಳಗಿನ ಹವಾ ತಾನಾಗಿಯೇ ನಾಲ್ಕೈದು ಪಾಯಿಂಟ್ ಏರಿರುತ್ತದೆ. ಅದನ್ನು ಇಳಿಸಿದರೆ ತಣ್ಣಗಾದಾಗ ಉಳಿಯುವುದು 25, 26 ಅಷ್ಟೇ. ತುಂಬಿದ ಗಾಡಿಗೆ ಅದು ಏನೇನೂ ಸಾಲದು.

ಅಣ್ಣಿಗೇರಿ ದಾಟಿದ್ದೆವು, ಹುಲಕೋಟಿ ಇನ್ನೂ ಬಂದಿರಲಿಲ್ಲ. ಹಿಂದಿನಿಂದ ಪಟ ಪಟ ಅಂತ ಬಡಿಯುವ ಸದ್ದು. ಪಾತ್ರೆ ಅಲುಗಾಡುತ್ತಿರಬೇಕು ಅಂದುಕೊಂಡೆವು. ಅದು ಟೈರಿನ ಮೇಲಿನ ಪಟ್ಟಿ ಕಿತ್ತು ಬಡಿಯುವ ಸದ್ದು. ನಿಮಗೆ ಎಂದಾದರೂ ಹಾಗೆ ಕೇಳಿಸಿದರೆ ತಕ್ಷಣ ವೇಗ ಇಳಿಸಿ ಪಕ್ಕಕ್ಕೆ ನಿಲ್ಲಿಸಿ. ನಮಗೆ ಅರ್ಧ ನಿಮಿಷವೂ ಸಿಗಲಿಲ್ಲ, ಢಮ್ ಅಂದಿತು. ಗಾಡಿ ಎಡಕ್ಕೂ ಬಲಕ್ಕೂ ತೂರಾಡಿತು. ಓಡಿಸುತ್ತಿದ್ದ ನನ್ನ ತಮ್ಮ ಬ್ರೇಕ್ ಒತ್ತಲಿಲ್ಲ. ಸ್ಟೇರಿಂಗ್ ಬಿಗಿಯಾಗಿ ಹಿಡಿದು ಆಕ್ಸಿಲರೇಟರ್ ಬಿಟ್ಟ, ಹಾಗಾಗಿ ಗಾಡಿ ಉರುಳಲಿಲ್ಲ. ಆದರೆ ಕೊಪ್ಪರಿಗೆ ಜಾರಿ ಬಂದು ಚಿಗವ್ವನ ಕಾಲ ಮೇಲೆ ಬಿತ್ತು.

ಟೈರನ್ನು ಆಮೇಲೆ ಗದಗಿನ ಪಂಚರ್ ಅಂಗಡಿಯಲ್ಲಿ ಬಿಚ್ಚಿಸಿದೆವು. ಒಳಗೆ, ಬದಿಯ ಸುತ್ತಲೂ ರಬ್ಬರ್ ಅರೆದು ಕರೀ ಪುಡಿಯಾಗಿತ್ತು. ಮುಟ್ಟಿದರೆ ಕಾಡಿಗೆಯ ಹಾಗೆ ಬೆರಳಿಗೆ ಅಂಟಿತು. ಹವಾ ಕಡಿಮೆ, ಭಾರ ಜಾಸ್ತಿ ಆದಾಗ ಟೈರಿನ ಬದಿ ಒಂದೊಂದು ಸುತ್ತಿಗೂ ಮಡಚಿ ಬಿಚ್ಚುತ್ತದೆ, ಆ ಮಡಚಾಟಕ್ಕೇ ಕಾಯುತ್ತದೆ. ಬೇಸಿಗೆಯ ರಸ್ತೆ ಬೇರೆ.

ಆ ಅಂಗಡಿಯ ಹಿರಿಯರು ಟೈರಿನ ಮೇಲೆ ಬೆರಳಿಟ್ಟು ತೋರಿಸಿದರು. 145/80 ಆರ್ 12 ಅಂತ ಅಳತೆ, ಅದರ ಪಕ್ಕದಲ್ಲಿ 74 ಟಿ. ಈ 74 ಅಂದರೆ ಒಂದು ಟೈರ್ ಹೊರಬಹುದಾದ ಭಾರ 375 ಕೆಜಿ. ಟಿ ಅನ್ನೋದು ವೇಗದ ಗುರುತು. ನಮ್ಮ ಹಳೇ ಟೈರಿನ ಮೇಲೆ 145 ಆರ್ 12 ಎಲ್‌ಟಿ 6 ಪಿಆರ್ ಅಂತಿತ್ತು. ಎಲ್‌ಟಿ ಅಂದರೆ ಲೈಟ್ ಟ್ರಕ್, ಪಿಆರ್ ಅಂದರೆ ಪ್ಲೈ ರೇಟಿಂಗ್, ಟೈರ್ ಎಷ್ಟು ಗಟ್ಟಿ ಅನ್ನುವ ಗುರುತು. ಅದು ಲೋಡ್ ಗಾಡಿಯ ಟೈರ್. ಅದರ ಭಾರದ ನಂಬರ್ 80, ಅಂದರೆ 450 ಕೆಜಿ. ಅಳತೆ ಅದೇ, ರಿಮ್ ಅದೇ, ಒಂದೊಂದು ಟೈರಿಗೆ 75 ಕೆಜಿ ಫರಕು.

ಊರಿಗೆ ಬಂದ ಮೇಲೆ ಅಷ್ಟೇ ಸಾಮಾನು, ಅಷ್ಟೇ ಜನ ಹೇರಿ ವೇಬ್ರಿಜ್‌ಗೆ ಹೋದೆವು. ಹಿಂದಿನ ಗಾಲಿಗಳನ್ನಷ್ಟೇ ಕಾಟಾ ಮೇಲೆ ನಿಲ್ಲಿಸಿದೆವು. 810 ಕೆಜಿ. ಒಂದು ಟೈರಿಗೆ 405. ಅಕ್ಕಿ ಚೀಲ ಎಡಗಡೆ ಇದ್ದರೆ ಎಡಗಡೆ ಇನ್ನೂ ಜಾಸ್ತಿ, ಅಲ್ವಾ? ಒಡೆದದ್ದು ಎಡಗಡೆಯದೇ. ನೀವೂ ಒಂದು ಸಲ ಹೀಗೆ ತೂಗಿಸಿ ನೋಡಿ. ಖರ್ಚು ಏನೂ ಇಲ್ಲ ಅನ್ನುವಷ್ಟು ಕಡಿಮೆ.

ಈಗ ಹಿಂದೆ ಮುಂದೆ ಎರಡೂ ಕಡೆ 6 ಪಿಆರ್ ಹಾಕಿಸಿದ್ದೇವೆ. ಆದರೆ ಅಲ್ಲೂ ಒಂದು ತಪ್ಪು ಮಾಡುವವರಿದ್ದೆವು. ಇದಕ್ಕೂ ಮೊದಲಿನ 30 ಪಾಯಿಂಟೇ ಸಾಕು ಅಂದುಕೊಂಡಿದ್ದೆವು. ಲೋಡ್ ಟೈರ್ ತನ್ನ ಪೂರ್ತಿ ಭಾರ ಹೊರಬೇಕಾದರೆ ಹವಾ ಕೂಡ ಕಾರಿನ ಟೈರಿಗಿಂತ ಜಾಸ್ತಿ ಬೇಕು. ಹವಾ ಕಡಿಮೆ ಇದ್ದರೆ 80 ಅಂತ ಬರೆದಿದ್ದೂ ಸುಮ್ನೆ. ಹಾಗಂತ ಕಾರಿನ ಟೈರಿಗೆ ಹವಾ ತುರುಕಿ ಭಾರ ಹೊರಿಸೋಣ ಅಂದರೆ ಅದೂ ಆಗದು, 375 ಅಂದರೆ 375. ಟೈರಿನ ಬದಿಗೆ ಬರೆದಿರುವ ಹವಾ ಗರಿಷ್ಠ ಮಿತಿ, ದಿನಾ ಹಾಕುವ ಅಳತೆ ಅಲ್ಲ. ನಿಮ್ಮ ಗಾಡಿಗೆ ಎಷ್ಟು ಬೇಕು ಅಂತ ಗಾಡಿಯ ಪುಸ್ತಕದಲ್ಲಿ ನೋಡಿ. ಬೆಳಿಗ್ಗೆ ಗಾಡಿ ಹೊರಡುವ ಮೊದಲು, ಟೈರ್ ತಣ್ಣಗಿರುವಾಗಲೇ ಚೆಕ್ ಮಾಡಿ. ಒಂದು ಗೇಜ್ ಮನೆಯಲ್ಲೇ ಇಟ್ಟುಕೊಳ್ಳಿ.

ಸ್ಟೆಪ್ನಿಯನ್ನೂ ನೋಡಿ. ಟೈರಿನ ಬದಿಯಲ್ಲಿ ನಾಲ್ಕಂಕಿಯ ಒಂದು ಗುರುತು ಇರುತ್ತದೆ. ಮೊದಲ ಎರಡು ತಯಾರಾದ ವಾರ, ಕೊನೆಯ ಎರಡು ವರ್ಷ. ನಮ್ಮದರ ಮೇಲೆ 3111 ಅಂತಿತ್ತು, 2011ರ 31ನೇ ವಾರದ್ದು. ಬದಿಯೆಲ್ಲಾ ಸಣ್ಣ ಸಣ್ಣ ಬಿರುಕು. ಅವತ್ತು ಚಿಗವ್ವನನ್ನು ಗದಗಿನ ಆಸ್ಪತ್ರೆಗೆ ಕರೆದುಕೊಂಡು ಹೋದದ್ದು ಆ ಟೈರಿನ ಮೇಲೆ.