ನಮ್ಮ ಮಳೆಗಾಲಕ್ಕೆ ತಡೆಯುವ ರೆಗ್ಯುಲೇಟರ್ ಯಾವುದು?

ಸ್ವಂತ ರೆಗ್ಯುಲೇಟರ್ (ಸ್ಕೂಬಾ ಡೈವಿಂಗಿನಲ್ಲಿ ಸಿಲಿಂಡರಿನ ಗಾಳಿಯ ಒತ್ತಡ ಇಳಿಸಿ ಬಾಯಿಗೆ ಕೊಡುವ ಉಪಕರಣ) ಕೊಳ್ಳಲು ಹೊರಟ ಉಡುಪಿ, ಮಂಗಳೂರಿನ ಗೆಳೆಯರೆಲ್ಲ ನನ್ನಲ್ಲಿ ಕೇಳುವುದು ಒಂದೇ: ಒಳಗೆ ಒತ್ತಡ ಇಳಿಸಲು ಪಿಸ್ಟನ್ ಇರುವುದು ಒಳ್ಳೆಯದೋ, ಡಯಾಫ್ರಮ್ (ಬಾಗುವ ತೆಳು ಪೊರೆ) ಇರುವುದೋ? ನಾನು ಬಳಸುತ್ತಿರುವುದು ಸೀಲ್ ಇರುವ ಬ್ಯಾಲೆನ್ಸ್ಡ್ ಡಯಾಫ್ರಮ್, ಮಧ್ಯಮ ಬೆಲೆಯದು. ನೇತ್ರಾಣಿ ದ್ವೀಪದಲ್ಲೂ ಕಾಪುವಿನಲ್ಲೂ ಹಲವು ಋತು ಬಳಸಿದ್ದೇನೆ. ನೀರಿನೊಳಗೆ ಇರುವಷ್ಟು ಹೊತ್ತು ಅದರ ಮೇಲೆ ನನಗೆ ದೂರೇ ಇಲ್ಲ.

ಬ್ಯಾಲೆನ್ಸ್ಡ್ ಆದ್ದರಿಂದ ಸಿಲಿಂಡರಿನಲ್ಲಿ 200 ಬಾರ್ ಒತ್ತಡ ಇದ್ದಾಗ ಉಸಿರು ಎಷ್ಟು ಹಗುರವೋ, 60ಕ್ಕೆ ಇಳಿದಾಗಲೂ ಅಷ್ಟೇ ಹಗುರ. ಬ್ಯಾಲೆನ್ಸ್ ಇಲ್ಲದ ಬಾಡಿಗೆಯ ಪಿಸ್ಟನ್‌ಗಳಲ್ಲಿ ಡೈವ್ ಮುಗಿಯುತ್ತ ಬಂದಂತೆ ಗಾಳಿಯನ್ನು ಎಳೆದುಕೊಳ್ಳಬೇಕಾಗುತ್ತಿತ್ತು. ಇನ್ನು ಸೀಲ್. ಹಿಮದಂಥ ನೀರಿನಲ್ಲಿ ಫಸ್ಟ್ ಸ್ಟೇಜ್ (ಸಿಲಿಂಡರಿಗೆ ಜೋಡಿಸುವ ಭಾಗ) ಹೆಪ್ಪುಗಟ್ಟದಂತೆ ತಡೆಯುತ್ತದೆ ಎಂದು ಅದನ್ನು ಮಾರುತ್ತಾರೆ. ನಮ್ಮ ಬೆಚ್ಚಗಿನ ಅರಬ್ಬಿ ಸಮುದ್ರದಲ್ಲಿ ಅದರ ಉಪಯೋಗ ಬೇರೆಯೇ: ಉಪ್ಪು, ಕೆಸರು, ನುಣ್ಣನೆ ಮರಳು ಸ್ಪ್ರಿಂಗ್ ಇರುವ ಕೋಣೆಯೊಳಗೆ ನುಗ್ಗುವುದಿಲ್ಲ. ಕಾಪುವಿನ ಕದಡಿದ ನೀರಿನಲ್ಲಿ ಮುಳುಗುವವರಿಗೆ ಇದು ದೊಡ್ಡ ನೆಮ್ಮದಿ. ರೆಗ್ಯುಲೇಟರನ್ನು ಸಿಲಿಂಡರಿಗೆ ಜೋಡಿಸುವ ಎರಡು ಬಗೆಗಳಾದ ಡಿನ್, ಯೋಕ್ ಚರ್ಚೆಯನ್ನು ನಾನು ಎಳೆಯುವುದಿಲ್ಲ. ಇಲ್ಲಿ ನನಗೆ ಸಿಕ್ಕ ಸಿಲಿಂಡರ್‌ಗಳಿಗೆಲ್ಲ ಯೋಕ್ ಹೊಂದುತ್ತದೆ.

ಡೈವ್ ಮುಗಿಸಿ ಮನೆಗೆ ಬಂದ ಮೇಲಿನ ಕೆಲಸ ನನಗೆ ಬಹಳ ಇಷ್ಟ. ಬಾವಿಯಿಂದ ಒಂದು ದೊಡ್ಡ ಬಾಲ್ದಿ ನೀರು ಸೇದಿ, ಫಸ್ಟ್ ಸ್ಟೇಜಿನ ಮುಚ್ಚಳ ಒಣಗಿದೆಯೇ, ಬಿಗಿಯಾಗಿ ಕೂತಿದೆಯೇ ಎಂದು ಬೆರಳಾಡಿಸಿ ನೋಡಿ, ಇಡೀ ಸೆಟ್ಟನ್ನು ಅರ್ಧ ಗಂಟೆ ನೆನೆಸುತ್ತೇನೆ. ಹೋಸಿನ ಬುಡದ ರಬ್ಬರ್ ಕವಚವನ್ನು ಹಿಂದಕ್ಕೆ ಸರಿಸಿದರೆ ಅದರಡಿಯಲ್ಲಿ ಉಪ್ಪಿನ ಬಿಳಿ ಹರಳು ಕಾಣುತ್ತದೆ. ಅದನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಮೆತ್ತಗೆ ತಿಕ್ಕಬೇಕು. ನೀರಿನಲ್ಲಿರುವಾಗ ಪರ್ಜ್ ಬಟನ್ (ಬಾಯಿಯ ಬದಿಯ ಭಾಗದಲ್ಲಿ ಗಾಳಿ ಹೊರಬಿಡುವ ಗುಂಡಿ) ಮುಟ್ಟಬಾರದು. ಮುಟ್ಟಿದರೆ ಗಾಳಿಯಿಲ್ಲದ ಹೋಸಿನೊಳಗೆ ನೀರು ಹತ್ತುತ್ತದೆ. ಬೇಸಗೆಯಲ್ಲಿ ಕಡಲ ಬದಿಯ ಬಾವಿಗಳು ಉಪ್ಪಾಗುತ್ತವಲ್ಲ, ಆಗ ಅಮ್ಮನೇ ಮೊದಲು ನೀರನ್ನು ನಾಲಗೆಗೆ ಹಚ್ಚಿ ನೋಡಿ, "ಇದರಲ್ಲಿ ತೊಳೆಯಬೇಡ ಮಗಾ, ನಳ್ಳಿಯಲ್ಲಿ ಚಪ್ಪೆ ನೀರು ಬರುತ್ತಿದೆ, ಅದನ್ನು ಹಿಡಿದುಕೋ" ಎನ್ನುತ್ತಾರೆ.

ಇಷ್ಟೆಲ್ಲ ಮಾಡಿದರೂ ಪ್ರತಿ ಮಳೆಗಾಲ ಕಳೆದ ಮೇಲೆ ಇದು ಕೈಕೊಡುತ್ತದೆ. ಜೂನ್ 1ರ ಹೊತ್ತಿಗೆ ಮಲ್ಪೆಯ ಯಾಂತ್ರಿಕ ದೋಣಿಗಳು ಬಂದರಿನಲ್ಲಿ ಕಟ್ಟಿಕೊಳ್ಳುತ್ತವೆ, ನಮ್ಮ ಡೈವಿಂಗೂ ನಿಲ್ಲುತ್ತದೆ. ಮತ್ತೆ ಸಮುದ್ರಕ್ಕೆ ಇಳಿಯುವುದು ಸೆಪ್ಟೆಂಬರ್ ಕಳೆದ ಮೇಲೆ. ಆಗ ಸಿಲಿಂಡರಿಗೆ ಜೋಡಿಸಿ ವಾಲ್ವ್ ತೆರೆದರೆ ಸೆಕೆಂಡ್ ಸ್ಟೇಜಿನಿಂದ, ಎಂದರೆ ಬಾಯಲ್ಲಿ ಕಚ್ಚಿಕೊಳ್ಳುವ ಭಾಗದಿಂದ, ಸಣ್ಣಗೆ ಬುಸ್ ಎಂದು ಗಾಳಿ ಸೋರುತ್ತಿರುತ್ತದೆ. ಕಾರಣ ಒಳಗಿನ ಸೀಟ್. ಆ ಮೃದುವಾದ ತುಣುಕನ್ನು ಸ್ಪ್ರಿಂಗೊಂದು ತೆಳ್ಳಗಿನ ಅಂಚಿಗೆ ಒತ್ತಿ ಹಿಡಿದಿರುತ್ತದೆ. ಬಳಸುವಾಗ ಹೋಸಿನಲ್ಲಿ ಸುತ್ತಲಿನ ನೀರಿಗಿಂತ 9ರಿಂದ 10 ಬಾರ್ ಹೆಚ್ಚು ಒತ್ತಡವಿದ್ದು ಆ ಸ್ಪ್ರಿಂಗಿಗೆ ಎದುರು ತಳ್ಳುತ್ತದೆ. ಖಾಲಿ ನೇತಾಡುವಾಗ ಎದುರು ಒತ್ತಡವಿಲ್ಲ. ಸ್ಪ್ರಿಂಗ್ ಹಗಲೂ ರಾತ್ರಿ ಒತ್ತಿ ಒತ್ತಿ ಸೀಟಿನಲ್ಲಿ ಗೆರೆ ಬೀಳುತ್ತದೆ. ಆಟಿ ತಿಂಗಳ ಮಳೆಯ ತೇವಕ್ಕೆ ಮೌತ್‌ಪೀಸಿನಲ್ಲಿ ಬೂಷ್ಟು ಬರುವುದು ಬೇರೆ. ಅದನ್ನಾದರೂ ತೊಳೆಯಬಹುದು, ಇಲ್ಲವೇ ಕೆಲವೇ ನೂರು ರೂಪಾಯಿಗೆ ಹೊಸದು ಹಾಕಬಹುದು.

ಸೀಟ್ ಬದಲಿಸಲು ಬೆಂಗಳೂರಿಗೇ ಕಳುಹಿಸಬೇಕು, ಬಿಡಿಭಾಗಗಳ ಕಿಟ್ ಬೇಕು. ಅಲ್ಲಿಯ ಸರ್ವಿಸ್ ಕೇಂದ್ರದವರು ಒಮ್ಮೆ "ಕಿಟ್ ಬಂದಿಲ್ಲ" ಎನ್ನುತ್ತಲೇ ಇಡೀ ನವೆಂಬರ್ ಕಳೆದರು. ನೇತ್ರಾಣಿಯ ನೀರು ಕನ್ನಡಿಯಂತೆ ತಿಳಿಯಾಗಿದ್ದ ದಿನಗಳಲ್ಲಿ ನಾನು ಬಾಡಿಗೆಯ ಉಪಕರಣ ಕಚ್ಚಿಕೊಂಡು ಇಳಿದೆ. ನಲವತ್ತು ಸಾವಿರಕ್ಕೂ ಮೇಲೆ ಸುರಿದವನಿಗೆ ಹೊಟ್ಟೆ ಉರಿಯದೆ ಇರುತ್ತದೆಯೇ?

ಆ ಸಿಟ್ಟು ಉಪಕರಣದ ಮೇಲಲ್ಲ, ಕಂಪನಿಯವರ ಲೆಕ್ಕಾಚಾರದ ಮೇಲೆ. ಇದೇ ಮಾದರಿಯ ದುಬಾರಿ ಆವೃತ್ತಿಯಲ್ಲಿ ಉಸಿರಿನ ಬಿಗಿ ಹೊಂದಿಸುವ ತಿರುಪು ಇದೆ. ಶೇಖರಿಸಿಡುವಾಗ ಅದನ್ನು ಪೂರ್ತಿ ಸಡಿಲಿಸಿದರೆ ಸ್ಪ್ರಿಂಗಿನ ಒತ್ತಡ ಇಳಿದು ಸೀಟ್ ಹೆಚ್ಚು ಕಾಲ ಬಾಳುತ್ತದೆ. ಗಾಳಿಯ ಒತ್ತಡ ಇಲ್ಲದಾಗ ಸೀಟನ್ನು ತಾನಾಗಿಯೇ ಅಂಚಿನಿಂದ ದೂರ ಇಡುವ ಮಾದರಿಗಳೂ ಮಾರುಕಟ್ಟೆಯಲ್ಲಿವೆ. ವರ್ಷವಿಡೀ ಡೈವ್ ಮಾಡುವ ಊರಿನವರಿಗೆ ಇದು ಚಿಲ್ಲರೆ ಸೌಕರ್ಯ. ನಾಲ್ಕು ತಿಂಗಳು ಗೋಡೆಗೆ ತೂಗುಹಾಕುವ ನಮಗೆ ಪಿಸ್ಟನ್, ಡಯಾಫ್ರಮ್ ಜಗಳಕ್ಕಿಂತ ಇದೇ ಮುಖ್ಯ.

ನನ್ನದನ್ನು ಮಾರುವುದಿಲ್ಲ, ಅದರ ಉಸಿರು ಅಷ್ಟು ಚೆನ್ನಾಗಿದೆ. ಈಗ ಆಗಸ್ಟಿನಲ್ಲಿಯೇ ಬೆಂಗಳೂರಿಗೆ ಫೋನು ಮಾಡಿ, ಕಿಟ್ ಕೈಯಲ್ಲಿದೆ ಎಂದು ಖಚಿತವಾದ ಮೇಲೆಯೇ ಕೊರಿಯರ್ ಮಾಡುತ್ತೇನೆ. ಹೊಸದಾಗಿ ಕೊಳ್ಳುವವರು ಆರೇಳು ಸಾವಿರ ಹೆಚ್ಚಾದರೂ ತಿರುಪು ಇರುವುದನ್ನೇ ಕೊಳ್ಳಿ, ಆ ಮಾದರಿಯ ಕಿಟ್ ಯಾರ ಬಳಿ ದಾಸ್ತಾನಿದೆ ಎಂದು ಹಣ ಕೊಡುವ ಮೊದಲೇ ಕೇಳಿ.