ಟ್ಯಾಗ್ ಪಂಚ್: ತೆಳು ಕಾಗದಕ್ಕೆ ಸೈ, ದಪ್ಪ ಕಂಡರೆ ಮುನಿಸು

ಕಾಗದದ ಪಟ್ಟಿಯ ತುದಿಗೆ ಟ್ಯಾಗಿನ ಆಕಾರ ಕೊಡುವ, ಸಾವಿರ ರೂಪಾಯಿ ಆಸುಪಾಸಿನ ಟ್ಯಾಗ್ ಪಂಚ್ ಕೊಳ್ಳಬೇಕಾ ಬೇಡವಾ ಎಂದು ಕೇಳುವವರು ಇತ್ತೀಚೆಗೆ ಜಾಸ್ತಿ ಆಗಿದ್ದಾರೆ. ಉಡುಗೊರೆ ಡಬ್ಬಿಗೆ ಕಟ್ಟುವ ಟ್ಯಾಗು, ಆರ್ಟ್ ಜರ್ನಲ್ಲಿನ (ಚಿತ್ರ, ಕಾಗದದ ಚೂರು ಅಂಟಿಸಿ ಬರೆದಿಡುವ ಪುಸ್ತಕ) ಪುಟದ ಜೇಬಿಗೆ ಸಿಕ್ಕಿಸುವ ಟ್ಯಾಗು, ಎರಡನ್ನೂ ನಾನು ಬಳ್ಳಾರಿಯ ನಮ್ಮ ಮನೆಯ ಊಟದ ಟೇಬಲ್ ಮೇಲೆಯೇ ಮಾಡುತ್ತೇನೆ. ಆನ್‌ಲೈನಿನಲ್ಲಿ ತರಿಸಿದ ಈ ಪಂಚು ಒಂದು ದಸರಾ, ಒಂದು ದೀಪಾವಳಿ, ಒಂದಷ್ಟು ಸೀಮಂತಗಳನ್ನು ದಾಟಿದೆ. ಈಗ ಧೈರ್ಯವಾಗಿ ಬರೆಯಬಹುದು. ಕಂಪನಿ ಹೆಸರು ಹಾಕುತ್ತಿಲ್ಲ. ಇದೇ ಅಚ್ಚಿನ ಪಂಚು ಬೇರೆ ಬೇರೆ ಹೆಸರಲ್ಲಿ, ಬೇರೆ ಬೇರೆ ಬಣ್ಣದ ಡಬ್ಬಿಯಲ್ಲಿ ಸಿಗುತ್ತದೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಇಡೀ ಟ್ಯಾಗನ್ನು ಇದು ಕತ್ತರಿಸಿ ಕೈಗೆ ಕೊಡುವುದಿಲ್ಲ. ಪಟ್ಟಿ ನೀವೇ ಕತ್ತರಿಸಬೇಕು. ಒಂದೂವರೆ, ಒಂದೂಮುಕ್ಕಾಲು, ಎರಡು ಇಂಚು, ಹೀಗೆ ಮೂರು ಅಗಲಕ್ಕೆ ಗೆರೆ ಹಾಕಿದ್ದಾರೆ. ಪಟ್ಟಿಯ ತುದಿ ಒಳಗೆ ತೂರಿಸಿ ಹಿಡಿ ಒತ್ತಿದರೆ ಎರಡು ಮೂಲೆ ಓರೆಯಾಗಿ ಕತ್ತರಿಸಿ, ನಡುವೆ ತೂತು ಬೀಳುತ್ತದೆ. ಉದ್ದ ನಿಮ್ಮಿಷ್ಟ. ಪುಸ್ತಕದಲ್ಲಿ ಗುರುತಿಗೆ ಇಡಲು ಉದ್ದ, ಪೇಡೆ ಡಬ್ಬಿಗೆ ಗಿಡ್ಡ. ಈ ಸ್ವಾತಂತ್ರ್ಯ ನನಗೆ ಬಹಳ ಹಿಡಿಸಿತು.

ಹಿಡಿಸದೇ ಇದ್ದದ್ದು ಅದರ ಮಡಿ. ಪಟ್ಟಿ ಒಂದು ಕೂದಲೆಳೆ ಕಿರಿದಾದರೂ ತೂತು ಪಕ್ಕಕ್ಕೆ ಸರಿದು, ಟ್ಯಾಗು ಸೊಟ್ಟಗೆ ತೂಗುತ್ತದೆ. ಕತ್ತರಿಯಲ್ಲಿ ಕತ್ತರಿಸಿದ ಪಟ್ಟಿ ಇದಕ್ಕೆ ನಡೆಯುವುದಿಲ್ಲ. ಸ್ಟೀಲ್ ಸ್ಕೇಲು, ಹೊಸ ಬ್ಲೇಡಿನ ಕಟ್ಟರ್ ಬೇಕೇ ಬೇಕು. ಲೆಕ್ಕ ಹೀಗಿದೆ: ಎ4 ಹಾಳೆಯ ಅಗಲ 210 ಮಿಮೀ. ಎರಡಿಂಚಿನ ಪಟ್ಟಿ ನಾಲ್ಕು ಬರುತ್ತವೆ, ಸುಮಾರು 7 ಮಿಮೀ ಉಳಿಯುತ್ತದೆ. ಉದ್ದ 297 ಮಿಮೀ, ಅಂದರೆ ಒಂದೊಂದು ಪಟ್ಟಿಯಲ್ಲಿ 99 ಮಿಮೀ ಉದ್ದದ ಮೂರು ಟ್ಯಾಗು. ಒಂದು ಹಾಳೆಗೆ ಹನ್ನೆರಡು. ಉಳಿದ ಆ ಸಣ್ಣ ಪಟ್ಟಿಯನ್ನು ಬಿಸಾಡಬೇಡಿ, ಜರ್ನಲ್ಲಿನಲ್ಲಿ ಅಂಚಿಗೆ ಅಂಟಿಸಲು ಚೆನ್ನಾಗಿರುತ್ತದೆ.

ಇನ್ನು ಕಾಗದ. ಜಗಳವೆಲ್ಲ ಇರುವುದು ಇಲ್ಲೇ. ಜೆರಾಕ್ಸ್ ಹಾಳೆ 70-80 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂ ಲೆಕ್ಕದಲ್ಲಿ), ಪಂಚಿಗೆ ಲೆಕ್ಕವೇ ಅಲ್ಲ, ಆದರೆ ಟ್ಯಾಗು ಸುರುಳಿ ಸುತ್ತಿಕೊಳ್ಳುತ್ತದೆ. 200ರ ಸುತ್ತಮುತ್ತಲಿನ ಕ್ರಾಫ್ಟ್ ಶೀಟು ಸರಿಯಾದ ಜೋಡಿ. ಟಕ್ ಅಂತ ಒಂದೇ ಏಟಿಗೆ ಕತ್ತರಿಸಿ ಬರುತ್ತದೆ, ಅಂಚು ನೀಟು. 300 ಜಿಎಸ್‌ಎಂ ಕಾರ್ಡಿಗೆ ಹೋದರೆ ಮೊಂಡು ಅಡಕತ್ತರಿಗೆ ಒಣ ಅಡಿಕೆ ಕೊಟ್ಟ ಹಾಗೆ. ಅಂಗೈ ಕೆಂಪಾಗುತ್ತದೆ, ಒಂದು ಮೂಲೆ ಹಾಗೇ ಜೋತು ಬೀಳುತ್ತದೆ. ಡಬ್ಬಿಯ ಮೇಲೆ ‘ದಪ್ಪ ಕಾಗದಕ್ಕೂ ಸೂಕ್ತ’ ಎಂದು ಬರೆದಿದ್ದಾರೆ. ಯಾವ ದಪ್ಪವೋ ಅವರಿಗೇ ಗೊತ್ತು. ನಾರು ಎದ್ದಿರುವ ಹ್ಯಾಂಡ್‌ಮೇಡ್ ಕಾಗದವಂತೂ ಅಲಗಿಗೆ ಸಿಕ್ಕಿಕೊಂಡು ಹರಿಯುತ್ತದೆ. ಅಲಗು ಮೊಂಡಾಯಿತು ಅನ್ನಿಸಿದರೆ ಅಲ್ಯೂಮಿನಿಯಂ ಫಾಯಿಲನ್ನು ಮಡಿಸಿ ಹತ್ತಾರು ಸಲ ಒತ್ತಿ, ಸ್ವಲ್ಪ ಚೂಪಾಗುತ್ತದೆ.

ಹಾಗಾದರೆ ಹಳೆಯ ಲಗ್ನಪತ್ರಿಕೆ? ಟ್ಯಾಗಿಗೆ ಅದಕ್ಕಿಂತ ಒಳ್ಳೆಯ ಕಾಗದ ನಮ್ಮ ಮನೆಗಳಲ್ಲಿ ಇಲ್ಲ. ಮೂಲೆಗೆ ಹಚ್ಚಿದ ಅರಿಶಿನದ ಕಲೆ, ಬಂಗಾರದ ಬಣ್ಣದ ಬಳ್ಳಿ, ಒಳಪುಟದ ಹೊಳೆಯುವ ಕೆಂಪು. ತೆಳು ಪತ್ರಿಕೆ ಆದರೆ ಪಂಚು ತಿನ್ನುತ್ತದೆ, ದಪ್ಪದ್ದಕ್ಕೆ ಕತ್ತರಿಯೇ ಗತಿ. ಗಣಪತಿ ಇರುವ ಭಾಗಕ್ಕೆ ಕತ್ತರಿ ಹಾಕಲು ನಮ್ಮತ್ತೆ ಬಿಡುವುದಿಲ್ಲ. ಅದನ್ನು ಸುತ್ತ ಬಿಟ್ಟು ಕತ್ತರಿಸಿ, ಇಡಿಯಾಗಿ ಬೇರೆ ಟ್ಯಾಗಿನ ನೆತ್ತಿಗೆ ಅಂಟಿಸುತ್ತೇನೆ. ಇಬ್ಬರಿಗೂ ಸಮಾಧಾನ.

ಪಂಚು ಕೊಡುವ ತೂತು ಬರೀ ತೂತು. ಅದರ ಸುತ್ತ ಏನೂ ಇಲ್ಲ. ಸೆಣಬಿನ ದಾರ ಪೋಣಿಸಿ ಮಕ್ಕಳ ಕೈಗೆ ಕೊಟ್ಟರೆ ಅರ್ಧ ಗಂಟೆಯಲ್ಲಿ ಹರಿದು ಬಂತು. ಈ ತೊಂದರೆ ಹಳೆಯದು. ಅಮೆರಿಕದ ಇ. ಡಬ್ಲ್ಯು. ಡೆನಿಸನ್ 1863ರಲ್ಲಿ ಪೇಟೆಂಟ್ ಪಡೆದದ್ದೇ ಇದರ ಮದ್ದಿಗೆ. ಸರಕಿಗೆ ಕಟ್ಟುವ ಟ್ಯಾಗಿನ ತೂತಿಗೆ ಎರಡೂ ಬದಿಯಲ್ಲಿ ದುಂಡನೆಯ ಕಾಗದದ ಬಿಲ್ಲೆ ಅಂಟಿಸುವುದು, ಅಷ್ಟೇ ಉಪಾಯ. ಇವತ್ತಿಗೂ ಅದಕ್ಕಿಂತ ಅಗ್ಗದ ದಾರಿ ಇಲ್ಲ. ಬೇರೆ ಬಣ್ಣದ ಕಾಗದದಲ್ಲಿ ಬಿಲ್ಲೆ ಕತ್ತರಿಸಿ ಅಂಟಿಸಿದರೆ ಅದೇ ಅಲಂಕಾರವೂ ಆಗುತ್ತದೆ.

ಇನ್ನೂ ಗಟ್ಟಿ ಬೇಕಾದರೆ ಐಲೆಟ್, ಅಂದರೆ ತೂತಿನ ಅಂಚಿಗೆ ಕೂರಿಸುವ ಲೋಹದ ಪುಟ್ಟ ಬಳೆ, ಹಾಕಬೇಕು. ಕ್ರಾಫ್ಟ್ ಸಾಮಾನು ಮಾರುವ ಆನ್‌ಲೈನ್ ಅಂಗಡಿಗಳಲ್ಲಿ ಪುಟ್ಟ ಡಬ್ಬಿಗೆ ಕೇಳುವ ಬೆಲೆ ನೋಡಿದರೆ ತಲೆ ತಿರುಗುತ್ತದೆ. ನಮ್ಮದು ಜೀನ್ಸ್ ಹೊಲಿಯುವ ಊರು ಅಲ್ವಾ? ಗುಂಡಿ, ಜಿಪ್ಪು, ರಿವೆಟ್, ಲೇಬಲ್ ಮಾರುವ ಅಂಗಡಿಗಳಿಗೆ ಇಲ್ಲಿ ಬರವಿಲ್ಲ. ಅಲ್ಲಿ ಐಲೆಟ್ ಗ್ರೋಸ್ ಲೆಕ್ಕದಲ್ಲಿ ಕೊಡುತ್ತಾರೆ, ಒಂದು ಗ್ರೋಸ್ ಅಂದರೆ 144. ನಾನು ಹೋದಾಗ ಅಂಗಡಿಯವರು ಕೇಳಿದ ಮೊದಲ ಮಾತು, “ಎಷ್ಟು ಪ್ಯಾಂಟಿಗೆ, ಮೇಡಂ?” ಕಾಗದಕ್ಕೆ ಎಂದೆ. “ಕಾಗದಕ್ಕಾ! ಹಂಗಾದ್ರ ಸಣ್ಣವು ಒಯ್ಯಿರಿ, ದೊಡ್ಡವು ಅಳ್ಳಾಡ್ತಾವ.” ಅವರ ಮಾತು ಸರಿ. ಡೆನಿಮ್ಮಿನ ದಪ್ಪಕ್ಕೆಂದು ಮಾಡಿದ ಐಲೆಟ್ಟಿನ ಕೊಳವೆ ಉದ್ದ. ಒಂಟಿ ಕಾಗದಕ್ಕೆ ಅದು ಬಿಗಿಯಾಗಿ ಕೂರುವುದಿಲ್ಲ. ಎರಡೂ ಬದಿ ಬಿಲ್ಲೆ ಅಂಟಿಸಿ, ಒಣಗಿಸಿ, ಆಮೇಲೆ ಡೈ (ಐಲೆಟ್ ಕೂರಿಸುವ ಲೋಹದ ಅಚ್ಚು) ಇಟ್ಟು ಸುತ್ತಿಗೆಯಲ್ಲಿ ಮೆಲ್ಲಗೆ ಬಡಿದರೆ ಕೂರುತ್ತದೆ. ಪಂಚಿನ ತೂತು ಇದಕ್ಕೆ ಚಿಕ್ಕದು. ಚಪ್ಪಲಿ ರಿಪೇರಿಯವರು ಬಳಸುವ, ತಲೆ ತಿರುಗಿಸಿ ಅಳತೆ ಬದಲಿಸುವ ತೂತಿನ ಇಕ್ಕಳ ಒಂದಿದ್ದರೆ ಆಯಿತು.

ಆ ಇಕ್ಕಳ ಬಂದ ಮೇಲೆ ಪಂಚಿನ ಕೆಲಸ ನಮ್ಮ ಮನೆಯಲ್ಲಿ ಅರ್ಧಕ್ಕೆ ಇಳಿಯಿತು. ರಟ್ಟಿನಲ್ಲಿ ಒಂದು ಮಾದರಿ ಟ್ಯಾಗು ಕತ್ತರಿಸಿಟ್ಟುಕೊಂಡು, ಅದರ ಸುತ್ತ ಪೆನ್ಸಿಲ್ ಗೆರೆ ಎಳೆದು ಕತ್ತರಿ ಹಾಕಿದರೆ ಜರ್ನಲ್ಲಿಗೆ ಸಾಕು. ಜರ್ನಲ್ಲಿನ ಟ್ಯಾಗು ಒಂದರಂತೆ ಇನ್ನೊಂದು ಇರಬಾರದು ಎನ್ನುವುದೇ ನನ್ನ ಇಷ್ಟ. ಚಹಾ ಡಿಕಾಕ್ಷನ್ನಿನಲ್ಲಿ ಅದ್ದಿ ಒಣಗಿಸಿದ್ದು, ಹಳೆಯ ಬಸ್ ಟಿಕೆಟ್ ಅಂಟಿಸಿದ್ದು, ಪುಸ್ತಕದ ನಡುವೆ ಒತ್ತಿಟ್ಟ ಬನ್ನಿ ಎಲೆ ಅಂಟಿಸಿ ಕೆಳಗೆ ‘ಬನ್ನಿ ತಗೊಂಡು ಬಂಗಾರದಂಗ ಇರೋಣ’ ಎಂದು ಬರೆದದ್ದು. ಇಂಥವಕ್ಕೆ ಪಂಚು ಯಾಕೆ? ಆದರೆ ಸೀಮಂತಕ್ಕೆ ನೂರು ಡಬ್ಬಿ, ನೂರಕ್ಕೂ ಒಂದೇ ಥರದ ಟ್ಯಾಗು ಬೇಕು ಎಂದಾಗ ಪಂಚಿಗೆ ಕೈ ಮುಗಿಯುತ್ತೇನೆ. ಅಂಥ ಕೆಲಸ ವರ್ಷಕ್ಕೆ ಎರಡು ಸಲವಾದರೂ ಬರುತ್ತದೆ ಎನ್ನುವವರು ಕೊಳ್ಳಿ. ಐದಕ್ಕೆ ಮೂರು ಅಂಕ ಕೊಡುತ್ತೇನೆ. ಡಬ್ಬಿಯ ಮೇಲಿನ ಆ ಸುಳ್ಳು ಇಲ್ಲದಿದ್ದರೆ ಮೂರೂವರೆ.

ಅಂಟಿಸುವ ಲೇಬಲ್ಲಿನ ಬಗ್ಗೆಯೂ ಕೇಳಿದ್ದೀರಿ. ಹಿಂದಿನ ಕಾಗದ ಸುಲಿದು ಅಂಟಿಸುವ ಲೇಬಲ್ಲನ್ನು ಅಮೆರಿಕದಲ್ಲಿ ಏವರಿ ಎಂಬುವರು 1935ರಲ್ಲಿ ಮಾರಾಟಕ್ಕೆ ತಂದರು. ಅವರ ಕಂಪನಿಯೂ ಡೆನಿಸನ್ ಕಂಪನಿಯೂ 1990ರಲ್ಲಿ ಒಂದಾದವು. ಉಪ್ಪಿನಕಾಯಿ ಬಾಟಲಿಗೆ ಅಂಥ ಲೇಬಲ್ ಸರಿ. ಬಟ್ಟೆ ಚೀಲಕ್ಕೆ, ಸೆಣಬಿನ ಚೀಲಕ್ಕೆ ಬೇಡ. ನಮ್ಮ ಏಪ್ರಿಲ್ ಬಿಸಿಲಿಗೆ ಅಂಚು ಎದ್ದು ಧೂಳು ಹಿಡಿಯುತ್ತದೆ. ಅಲ್ಲಿ ದಾರದ ಟ್ಯಾಗೇ ಕಟ್ಟಿ. ಹೆಸರನ್ನು ಮಾತ್ರ ಐಲೆಟ್ ಬಡಿಯುವ ಮುಂಚೆಯೇ ಬರೆದುಬಿಡಿ. ಆಮೇಲೆ ಟ್ಯಾಗು ಟೇಬಲ್ ಮೇಲೆ ಸಮ ಕೂರುವುದಿಲ್ಲ, ಅಕ್ಷರ ಕುಣಿಯುತ್ತವೆ.